ಹಿತ್ತಲ ಮಾತು: ಈ ತಿಂಗಳು ಬರೀ ಸಾಲ್ವಿಯಾ

ಈ ತಿಂಗಳು ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಅರ್ಧಕ್ಕಿಂತ ಜಾಸ್ತಿ ಒಂದೇ ಹೂಗಿಡದ ಬಗ್ಗೆ ಇವೆ. ಸಾಲ್ವಿಯಾ. ಆಶ್ಲೇಷ ಮಳೆ ಇನ್ನೂ ಬಿಟ್ಟಿಲ್ಲ, ಕುಂಡದಲ್ಲಿದ್ದ ಗಿಡ ಒಂದೊಂದಾಗಿ ಕೊಳೆಯುತ್ತಿದೆ ಅಂತ ಮಲೆನಾಡಿನವರ ಪತ್ರ. ಬಿಸಿಲಿಗೆ ಎಲೆ ಸುಟ್ಟಿದೆ ಅಂತ ಬಯಲುಸೀಮೆಯವರ ಪತ್ರ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಎತ್ತಿಟ್ಟು ಈ ಸಲ ಇದೊಂದನ್ನೇ ಹಿಡಿದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ನಾನು ನೋಡಿದ ಮಟ್ಟಿಗೆ ಸಾಲ್ವಿಯಾ ಸಾಯುವುದು ಹುಳದಿಂದ ಅಲ್ಲ, ಬುಡದಲ್ಲಿ ನಿಂತ ನೀರಿನಿಂದ. ಇನ್ನು ಬದುಕಿದ್ದೂ ಹೂ ಬಿಡದೆ ಸೊರಗುತ್ತದಲ್ಲ, ಅದಕ್ಕೆ ಕಾರಣ ನಾವು ಕತ್ತರಿ ಹಿಡಿಯಲು ಹೆದರುವುದು. ಕೆಳಗಿನ ಉತ್ತರಗಳಲ್ಲಿ ಈ ಎರಡು ವಿಷಯ ಮತ್ತೆ ಮತ್ತೆ ಬರುತ್ತವೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಅಕ್ಕಾ, ಹೋದ ಡಿಸೆಂಬರ್‌ನಲ್ಲಿ 12 ಕೆಂಪು ಸಾಲ್ವಿಯಾ ತಂದು ಮೆಟ್ಟಿಲ ಎರಡೂ ಬದಿ ನೆಟ್ಟಿದ್ದೆ. ಮೇ ತನಕ ಬೆಂಕಿ ಹಚ್ಚಿದ ಹಾಗೆ ಹೂ. ಜೂನ್ ಕೊನೆಗೆ ಎಲೆ ಬಾಡಿತು, ಜುಲೈ ಮಧ್ಯಕ್ಕೆ 12ಕ್ಕೆ 12 ಹೋದವು. ಗಿಡ ಕೊಟ್ಟವರನ್ನು ಕೇಳಿದರೆ "ಅದು ಒಂದೇ ವರ್ಷದ ಗಿಡ, ಪ್ರತಿ ವರ್ಷ ಹೊಸದು ತಗೋಬೇಕು" ಅಂದರು. ನಿಜವಾ? (ಮೂಡಿಗೆರೆ ಹತ್ತಿರದ ತೋಟದ ಮನೆಯಿಂದ)

ಉತ್ತರ: ಪೂರ್ತಿ ನಿಜ ಅಲ್ಲ. ಈ ಕೆಂಪು ಸಾಲ್ವಿಯಾ, ಅಂದರೆ ಸಾಲ್ವಿಯಾ ಸ್ಪ್ಲೆಂಡೆನ್ಸ್, ಬ್ರೆಜಿಲ್ ದೇಶದ ಗಿಡ. ತನ್ನ ಊರಿನಲ್ಲಿ ಅದು ವರ್ಷಗಟ್ಟಲೆ ಬದುಕುತ್ತದೆ. ಯುರೋಪು, ಅಮೆರಿಕದಂಥ ಚಳಿ ದೇಶಗಳಿಗೆ ಹೋದಾಗ ಅಲ್ಲಿನ ಹಿಮಕ್ಕೆ ಸತ್ತುಹೋಗುತ್ತಿತ್ತು. ಅದಕ್ಕೇ ಅವರು ಪ್ರತಿ ವರ್ಷ ಬೀಜ ಹಾಕಿ ಬೆಳೆಸಿದರು, ಬೀಜದ ಪ್ಯಾಕೆಟ್ ಮೇಲೆ ವಾರ್ಷಿಕ ಗಿಡ ಅಂತ ಬರೆದರು. ಅದೇ ಮಾತು ನಮ್ಮ ನರ್ಸರಿಗಳಿಗೂ ಬಂತು. ಮೂಡಿಗೆರೆಯಲ್ಲಿ ಹಿಮ ಎಲ್ಲಿ ಬೀಳುತ್ತದೆ? ನಿಮ್ಮ ಗಿಡವನ್ನು ಕೊಂದದ್ದು ವಯಸ್ಸಲ್ಲ, ಮಳೆ.

ಮೂಡಿಗೆರೆಗೆ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಮೂರು ತಿಂಗಳಲ್ಲೇ. ಸಾಲ್ವಿಯಾ ಬೇರು ತೀರಾ ತೆಳು. ಅದಕ್ಕೆ ನೀರು ಬೇಕು, ಆದರೆ ನೀರಿನ ಜೊತೆ ಗಾಳಿಯೂ ಬೇಕು. ಜಡಿ ಮಳೆಯಲ್ಲಿ ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಬೇರಿಗೆ ಉಸಿರು ಕಟ್ಟುತ್ತದೆ, ಆ ಹೊತ್ತಿಗೇ ಕೊಳೆ ಶಿಲೀಂಧ್ರ ಒಳಗೆ ನುಗ್ಗುತ್ತದೆ. ಅಲ್ಲೇ ಮೋಸ ಹೋಗುತ್ತೇವೆ ನಾವು: ಬೇರು ಕೊಳೆತ ಗಿಡ ನೀರು ಸಾಲದ ಗಿಡದ ಹಾಗೆಯೇ ಬಾಡುತ್ತದೆ. ಬಾಡಿತು ಅಂತ ಇನ್ನೊಂದು ಚೊಂಬು ನೀರು ಹಾಕಿದರೆ ಮುಗಿಯಿತು.

ಉಳಿದ ಗಿಡ ಒಂದಾದರೂ ಇದ್ದರೆ ಮೆಲ್ಲಗೆ ಕಿತ್ತು ನೋಡಿ. ಒಳ್ಳೆ ಬೇರು ಬೆಳ್ಳಗಿರುತ್ತದೆ, ಎಳೆದರೆ ಜಗ್ಗುತ್ತದೆ. ಕೊಳೆತದ್ದು ಕಂದು ಬಣ್ಣ, ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಕೈಗೆ ಬರುತ್ತದೆ, ನೂಲಿನಂಥ ನಡುವಿನ ಎಳೆ ಮಾತ್ರ ಉಳಿಯುತ್ತದೆ. ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ಇದನ್ನು ನಾನು ಕಲಿತದ್ದೂ ಕಳೆದುಕೊಂಡೇ. ಈ ಮನೆಗೆ ಬಂದ ಮೊದಲ ವರ್ಷ ಸೂರಿನ ಕೆಳಗೆ, ಹಂಚಿನ ನೀರು ಸುರಿಯುವ ಸಾಲಿನಲ್ಲೇ 20 ಸಸಿ ನೆಟ್ಟೆ. ಪುನರ್ವಸು ಮಳೆ ಹಿಡಿದು ಎಂಟು ದಿನಕ್ಕೆ ಒಂದೂ ಇರಲಿಲ್ಲ. ಮುಂದಿನ ವರ್ಷ ಅದೇ ಜಾಗದಿಂದ ಎರಡೇ ಅಡಿ ಆಚೆಗೆ, ಒಂದು ಅಡಿ ಎತ್ತರಕ್ಕೆ ಮಣ್ಣು ಏರಿಸಿ ನೆಟ್ಟೆ. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಳೆಗಾಲ ದಾಟಿದವು. ಎರಡು ಅಡಿ ಅಷ್ಟೇ ನೋಡಿ ವ್ಯತ್ಯಾಸ.

ನೀವು ಮಾಡಬೇಕಾದ್ದು ಇಷ್ಟು. ಮೆಟ್ಟಿಲ ಪಕ್ಕದ ಪಾತಿಯನ್ನು ಒಂದು ಅಡಿ ಏರಿಸಿ. ತೋಟದ ಕೆಮ್ಮಣ್ಣು ಎರಡು ಬುಟ್ಟಿ, ದಪ್ಪ ಮರಳು ಒಂದು ಬುಟ್ಟಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಬುಟ್ಟಿ. ಕಾಫಿ ಸಿಪ್ಪೆ ಹಾಕುವುದಾದರೆ ಗುಂಡಿಯಲ್ಲಿ ಪೂರ್ತಿ ಕಳಿತದ್ದು ಮಾತ್ರ ಹಾಕಿ, ಹಸಿ ಸಿಪ್ಪೆ ನೀರನ್ನು ಹಿಡಿದುಕೊಂಡು ಬುಡಕ್ಕೇ ಕುತ್ತು ತರುತ್ತದೆ. ಗೊಬ್ಬರಕ್ಕೆ ಟ್ರೈಕೋಡರ್ಮಾ (ಕೊಳೆ ರೋಗ ತಡೆಯುವ ಒಳ್ಳೆ ಶಿಲೀಂಧ್ರ) ಬೆರೆಸಿ ಒಂದೆರಡು ವಾರ ನೆರಳಲ್ಲಿ ಇಟ್ಟು ಆಮೇಲೆ ಹಾಕಿದರೆ ಇನ್ನೂ ಒಳ್ಳೆಯದು. ಅಷ್ಟಾದರೂ ಬುಡ ಕೊಳೆ ಶುರುವಾದರೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಕಲಸಿ ಬುಡಕ್ಕೆ ಹುಯ್ಯಿರಿ. ಟ್ರೈಕೋಡರ್ಮಾ ಹಾಕಿದ ಕೂಡಲೇ ಮಾತ್ರ ತಾಮ್ರದ ಔಷಧಿ ಬೇಡ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ತಾಮ್ರ ಅದನ್ನೂ ಕೊಲ್ಲುತ್ತದೆ. ಕುಂಡದಲ್ಲಿ ಇರುವುದನ್ನು ಜೂನ್ ಮೊದಲ ವಾರವೇ ಜಗುಲಿಗೆ ಎತ್ತಿಡಿ. ಅದಕ್ಕಿಂತ ಮುಖ್ಯ, ಮೇ ತಿಂಗಳಲ್ಲೇ ನಾಲ್ಕೈದು ಕಡ್ಡಿ ಕತ್ತರಿಸಿ ಚಿಕ್ಕ ಪ್ಯಾಕೆಟ್‌ಗಳಲ್ಲಿ ನೆಟ್ಟು ಒಳಗೆ ಇಟ್ಟುಕೊಳ್ಳಿ. ತಾಯಿಗಿಡ ಹೋದರೂ ಮಗು ಇರುತ್ತದೆ.

ಪ್ರಶ್ನೆ: ಎರಡು ಸಲ ಬೀಜ ತರಿಸಿ ಹಾಕಿದೆ. ಒಂದೂ ಮೊಳೆಯಲಿಲ್ಲ. ಮೂರನೇ ಸಲ ಮೊಳೆತದ್ದು ಒಂದು ವಾರಕ್ಕೆ ಅಡ್ಡ ಬಿದ್ದು ಹೋಯಿತು. ತಾರಸಿಯಲ್ಲಿ ಗಿಡ ಬೆಳೆಸುತ್ತೇನೆ. (ಹಾಸನ ನಗರ)

ಉತ್ತರ: ನೀವು ಬೀಜವನ್ನು ಮಣ್ಣಿನಲ್ಲಿ ಮುಚ್ಚಿರಬೇಕು. ಹುರುಳಿ, ಅವರೆ ಹಾಕಿದ ಕೈ ಅಭ್ಯಾಸ ಅದು. ಸಾಲ್ವಿಯಾ ಬೀಜ ಮೊಳೆಯಲು ಬೆಳಕು ಬೇಕು. ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಅಷ್ಟೇ.

ನಾನು ಮಾಡುವ ರೀತಿ ಹೇಳುತ್ತೇನೆ. ಎರಡು ಅಂಗುಲ ಆಳದ ಟ್ರೇ, ತಳದಲ್ಲಿ ತೂತು. ತೊಳೆದ ತೆಂಗಿನ ನಾರಿನ ಪುಡಿ ಅರ್ಧ, ಜರಡಿ ಹಿಡಿದ ಎರೆಗೊಬ್ಬರ ಕಾಲು, ಮರಳು ಕಾಲು. ಮೊದಲು ಟ್ರೇಯನ್ನು ನೀರಿನ ತಟ್ಟೆಯಲ್ಲಿ ಇಟ್ಟು ಕೆಳಗಿನಿಂದ ನೆನೆಸಿ, ಆಮೇಲೆ ಬೀಜ ಉದುರಿಸಿ. ಮೇಲಿನಿಂದ ಚೊಂಬಿನಲ್ಲಿ ಹುಯ್ದರೆ ಬೀಜವೆಲ್ಲ ಒಂದು ಮೂಲೆಗೆ ಓಡುತ್ತದೆ. ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ, ನೇರ ಬಿಸಿಲು ಬೀಳದ ಆದರೆ ಬೆಳಕಿರುವ ಕಿಟಕಿಯ ಹತ್ತಿರ ಇಡಿ. 20ರಿಂದ 25 ಡಿಗ್ರಿ ಶಾಖ ಸಾಕು, ನಿಮ್ಮ ಹಾಸನದ ಆಗಸ್ಟ್, ಸೆಪ್ಟೆಂಬರ್ ಹವೆ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. 10ರಿಂದ 15 ದಿನದಲ್ಲಿ ಮೊಳಕೆ ಕಾಣುತ್ತದೆ. ಕಂಡ ದಿನವೇ ಹಾಳೆ ತೆಗೆಯಿರಿ. ನಾಳೆ ತೆಗೆಯೋಣ ಅಂತ ಬಿಟ್ಟರೆ ಮೂರನೇ ಸಲ ಆದದ್ದೇ ಮತ್ತೆ ಆಗುತ್ತದೆ. ಸಸಿ ಅಡ್ಡ ಬೀಳುವುದು ಬುಡದಲ್ಲಿ, ಮಣ್ಣಿಗೆ ತಾಗಿದ ಜಾಗದಲ್ಲಿ ಕೊಳೆತು. ಗಾಳಿ ಆಡದೆ, ಸಸಿ ಒತ್ತೊತ್ತಾಗಿ, ಮೇಲ್ಮಣ್ಣು ಸದಾ ಒದ್ದೆ ಇದ್ದರೆ ಆ ರೋಗ ಬರುತ್ತದೆ. ಒಂದು ಬಿತ್ತು ಅಂದರೆ ಅದರ ಸುತ್ತಲಿನ ಮಣ್ಣನ್ನೂ ಚಮಚದಲ್ಲಿ ಎತ್ತಿ ಬಿಸಾಡಿ.

ಬೀಜ ಹಳೆಯದಿರಬಹುದು ಎಂಬ ಅನುಮಾನವೂ ಇಟ್ಟುಕೊಳ್ಳಿ. ಪ್ಯಾಕೆಟ್ ಮೇಲಿನ ದಿನಾಂಕ ನೋಡಿಯೇ ತಗೊಳ್ಳಿ.

ಎಲೆ ನಾಲ್ಕರಿಂದ ಆರು ಆದಾಗ ಬೇರೆ ಬೇರೆ ಪ್ಯಾಕೆಟ್‌ಗೆ ಬದಲಿಸಿ, ಮೂರು ಜೊತೆ ಎಲೆ ಆದಮೇಲೆ ತುದಿಯನ್ನು ಉಗುರಿನಲ್ಲಿ ಚಿವುಟಿ. ಮನಸ್ಸು ಒಪ್ಪುವುದಿಲ್ಲ ಅಂತ ಗೊತ್ತು, ಆದರೂ ಚಿವುಟಿ. ಒಂದು ಕಡ್ಡಿ ಇದ್ದದ್ದು ನಾಲ್ಕಾಗುತ್ತದೆ. ಬೀಜದಿಂದ ಹೂವಿಗೆ ಹೆಚ್ಚುಕಡಿಮೆ ಎರಡೂವರೆಯಿಂದ ಮೂರು ತಿಂಗಳು ಹಿಡಿಯಿರಿ. ಮಘೆ ಮಳೆ ಹೊತ್ತಿಗೆ ಹಾಕಿದರೆ ನವೆಂಬರ್ ಕೊನೆಗೆ ಹೂ.

ಪ್ರಶ್ನೆ: ನಮ್ಮದು ಒಣ ಊರು, ಬೇಸಿಗೆಯಲ್ಲಿ ಅಂಗಳ ಕಾದ ಹೆಂಚು. ಕೆಂಪು ಸಾಲ್ವಿಯಾ ಎಲೆಯಂಚು ಸುಟ್ಟ ಹಾಗೆ ಆಗುತ್ತದೆ, ಹೂವಿನ ಬಣ್ಣವೂ ಮಾಸುತ್ತದೆ. ನಮಗೆ ಸಾಲ್ವಿಯಾ ಭಾಗ್ಯ ಇಲ್ಲವಾ? (ಅರಸೀಕೆರೆ)

ಉತ್ತರ: ಯಾಕಿಲ್ಲ, ಖಂಡಿತ ಇದೆ. ನೀವು ಮಳೆಗಾಲದಲ್ಲಿ ಹೆದರಬೇಕಾಗಿಲ್ಲ, ಮೂಡಿಗೆರೆಯವರಿಗೆ ಇಲ್ಲದ ಅನುಕೂಲ ಅದು. ಗಿಡ ಮಾತ್ರ ಬದಲಿಸಿ.

ಸಾಲ್ವಿಯಾ ಅಂದರೆ ಒಂದೇ ಗಿಡ ಅಲ್ಲ, ಸುಮಾರು 1000 ಜಾತಿಗಳ ದೊಡ್ಡ ಸಂಸಾರ. ತುಳಸಿ, ಪುದೀನ, ದೊಡ್ಡಪತ್ರೆ ಇವೆಲ್ಲ ಅದರ ನೆಂಟರು. ಬೇಕಾದರೆ ಕಡ್ಡಿಯನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ, ತುಳಸಿಯದರ ಹಾಗೆಯೇ ನಾಲ್ಕು ಮೂಲೆ ಕೈಗೆ ಸಿಗುತ್ತದೆ. ಈ ಸಂಸಾರದಲ್ಲಿ ಬ್ರೆಜಿಲ್‌ನ ಕೆಂಪು ಸಾಲ್ವಿಯಾ ಸ್ವಲ್ಪ ನೆರಳು, ಸ್ವಲ್ಪ ತೇವ ಕೇಳುವ ಗಿಡ. ಅದಕ್ಕೆ ಮಧ್ಯಾಹ್ನದ ಬಿಸಿಲು ತಪ್ಪಿಸಿ, ಮನೆಯ ಪೂರ್ವಕ್ಕೆ ಇಡಿ. ಬಟ್ಟಬಯಲಿಗೆ ಬೇಕಾದ್ದು ನೀಲಿ ಸಾಲ್ವಿಯಾ, ಸಾಲ್ವಿಯಾ ಫಾರಿನೇಸಿಯಾ. ಅಮೆರಿಕದ ಟೆಕ್ಸಸ್, ಮೆಕ್ಸಿಕೊ ಕಡೆಯ ಗಿಡ, ಬಿಸಿಲು ಅದಕ್ಕೆ ಹೊಸದಲ್ಲ. ಹೂವಿನ ಕಡ್ಡಿಯ ಮೇಲೆ ಹಿಟ್ಟು ಚಿಮುಕಿಸಿದ ಹಾಗೆ ಬಿಳಿ ನವಿರು ಇರುತ್ತದೆ, ಆ ಹೆಸರು ಬಂದದ್ದೂ ಹಿಟ್ಟು ಎಂಬ ಅರ್ಥದಿಂದಲೇ. ವಿಕ್ಟೋರಿಯಾ ಎಂಬ ತಳಿ ಬೀಜದ ಅಂಗಡಿಗಳಲ್ಲಿ ಸಿಗುತ್ತದೆ, ಒಂದೂವರೆ ಅಡಿ ಎತ್ತರ. ಕೆಂಪೇ ಬೇಕು ಅಂದರೆ ಸಾಲ್ವಿಯಾ ಕೊಕ್ಸಿನಿಯಾ ಹುಡುಕಿ. ಹೂ ತೆಳು, ತೆನೆ ಬಿಡಿಬಿಡಿ, ನೋಡಲು ಅಷ್ಟು ತುಂಬಿಕೊಂಡಿರುವುದಿಲ್ಲ. ಆದರೆ ಬಿಸಿಲು ತಡೆಯುತ್ತದೆ, ತಾನೇ ಬೀಜ ಉದುರಿಸಿ ತಾನೇ ಹುಟ್ಟಿಕೊಳ್ಳುತ್ತದೆ.

ನಿಮ್ಮೂರಿನಲ್ಲಿ ತೆಂಗಿನ ನಾರಿನ ಪುಡಿಗೆ ಬರ ಇಲ್ಲ. ಬುಡಕ್ಕೆ ಎರಡು ಅಂಗುಲ ಹಾಸಿ. ಆದರೆ ಕಾರ್ಖಾನೆಯಿಂದ ತಂದ ಹಸಿ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿಯೇ ಬಳಸಿ. ಎಲೆಯಂಚು ಸುಡುವುದಕ್ಕೆ ಬಿಸಿಲಿನ ಜೊತೆ ಈ ಉಪ್ಪೂ ಕಾರಣ ಆಗಬಹುದು. ಬೋರ್‌ವೆಲ್ ನೀರು ಗಡಸಾಗಿದ್ದರೆ ತಿಂಗಳಿಗೊಮ್ಮೆ ಕುಂಡದ ತಳದಿಂದ ಹರಿದು ಹೋಗುವಷ್ಟು ನೀರು ಹುಯ್ದು ಉಪ್ಪನ್ನು ಇಳಿಸಿ, ಮಳೆನೀರು ಸಿಕ್ಕರೆ ಅದನ್ನೇ.

ಪ್ರಶ್ನೆ: ಗಿಡ ಎದೆಮಟ್ಟ ಬೆಳೆದಿದೆ, ಎಲೆ ಕಪ್ಪು ಹಸಿರು, ಹೂ ಮಾತ್ರ ಇಲ್ಲ. ಕೊಟ್ಟಿಗೆ ಪಕ್ಕದಲ್ಲಿದೆ, ಗಂಜಲ, ಸಗಣಿ ನೀರು ಎಲ್ಲ ಹಾಕುತ್ತೇನೆ. ನೇರಳೆ ಹೂ ಅಂತ ಹೇಳಿ ಕೊಟ್ಟಿದ್ದರು. (ಬೇಲೂರು)

ಉತ್ತರ: ಎರಡು ಕಾರಣ ಇರಬಹುದು. ಎರಡೂ ಹೇಳುತ್ತೇನೆ.

ಒಂದು, ಉಪಚಾರ ಜಾಸ್ತಿ ಆಗಿದೆ. ಗಂಜಲ, ಸಗಣಿ ನೀರು ಎರಡರಲ್ಲೂ ಸಾರಜನಕ ಇದೆ, ಅದು ಎಲೆಯನ್ನು ಬೆಳೆಸುತ್ತದೆ. ಹೊಟ್ಟೆ ತುಂಬಿದ ಗಿಡಕ್ಕೆ ಹೂ ಬಿಡುವ ಅವಸರ ಇರುವುದಿಲ್ಲ. ಎರಡು ತಿಂಗಳು ಏನೂ ಹಾಕಬೇಡಿ. ಆಮೇಲೆ ಬೂದಿ ಒಂದು ಹಿಡಿ, ಎರೆಗೊಬ್ಬರ ಒಂದು ಹಿಡಿ, ಸಾಕು.

ಎರಡನೆಯದು, ನಿಮ್ಮದು ಬಹುಶಃ ಸಾಲ್ವಿಯಾ ಲ್ಯೂಕಾಂತಾ. ಎಲೆ ಉದ್ದ, ಸಣ್ಣ, ಅಡಿಭಾಗ ಬಿಳಿ, ಮುಟ್ಟಿದರೆ ಉಣ್ಣೆಯ ಹಾಗಿದೆಯಾ ನೋಡಿ. ಹೌದಾದರೆ ಸುಮ್ನೆ ಕಾಯಿರಿ. ಅದು ಹಗಲು ಚಿಕ್ಕದಾದಾಗಲೇ ಮೊಗ್ಗು ಕಟ್ಟುವ ಗಿಡ, ನಮ್ಮ ಸೇವಂತಿಗೆಯ ಹಾಗೆ. ಸೇವಂತಿಗೆ ಬೆಳೆಗಾರರು ಹೂವನ್ನು ಹಬ್ಬಕ್ಕೆ ತಡ ಮಾಡಿಸಬೇಕು ಅಂದರೆ ಹೊಲದಲ್ಲಿ ರಾತ್ರಿ ಬಲ್ಬು ಉರಿಸುತ್ತಾರಲ್ಲ, ಅದೇ ಲೆಕ್ಕ. ನಿಮ್ಮ ಕೊಟ್ಟಿಗೆಯ ದೀಪ ರಾತ್ರಿಯಿಡೀ ಈ ಗಿಡದ ಮೇಲೆ ಬೀಳುತ್ತಿದ್ದರೆ ಮರೆ ಮಾಡಿ. ಹಸ್ತ, ಚಿತ್ತೆ ಮಳೆಯ ಹೊತ್ತಿಗೆ ತುದಿಗಳು ಬಿಲ್ಲಿನ ಹಾಗೆ ಬಾಗುತ್ತವೆ, ಮೇಲೆ ನೇರಳೆ ಮಖಮಲ್ಲು. ಹತ್ತಿರ ಹೋಗಿ ನೋಡಿದರೆ ಆ ನೇರಳೆ ಹೂವಲ್ಲ, ಹೂ ಕೂತಿರುವ ಪುಟ್ಟ ಬಟ್ಟಲು. ಅದರೊಳಗಿಂದ ಬಿಳಿ ಹೂ ಇಣುಕುತ್ತದೆ. ಲ್ಯೂಕಾಂತಾ ಅಂದರೆ ಬಿಳಿ ಹೂವಿನದು ಅಂತಲೇ ಅರ್ಥ. ಹೂವೂ ನೇರಳೆ ಇರುವ ಬಗೆಯೂ ಇದೆ. ನನಗೆ ಈ ಒಂದು ಗಿಡದ ಮೇಲೆ ಉಳಿದೆಲ್ಲ ಸಾಲ್ವಿಯಾಗಳಿಗಿಂತ ಪ್ರೀತಿ ಜಾಸ್ತಿ. ಡಿಸೆಂಬರ್ ಬೆಳಗ್ಗೆ ಇಬ್ಬನಿ ಕೂತಾಗ ಆ ಮಖಮಲ್ಲಿನ ಒಂದೊಂದು ಎಳೆಯ ತುದಿಯಲ್ಲೂ ಒಂದು ಹನಿ ನಿಂತಿರುತ್ತದೆ. ಚಿಕ್ಕಮಗಳೂರಿನ ಚಳಿಗೆ ಇದಕ್ಕಿಂತ ಒಪ್ಪುವ ಗಿಡ ನಾನು ಕಂಡಿಲ್ಲ.

ಬಿಸಿಲು ಮಾತ್ರ ಕನಿಷ್ಠ ಐದಾರು ಗಂಟೆ ಬೇಕು. ಕೊಟ್ಟಿಗೆಯ ನೆರಳಿದ್ದರೆ ಮುಂದಿನ ಗಿಡವನ್ನು ಬಯಲಿಗೆ ಹಾಕಿ.

ಪ್ರಶ್ನೆ: ನೀಲಿ ಹೂವಿನ ಗಿಡವನ್ನು ಲ್ಯಾವೆಂಡರ್ ಅಂತ ಹೇಳಿ ಜಾಸ್ತಿ ಬೆಲೆಗೆ ಕೊಟ್ಟರು. ಪರಿಮಳವೇ ಇಲ್ಲ. (ಕಡೂರು)

ಉತ್ತರ: ನೀವು ಕಳಿಸಿದ ಫೋಟೊ ನೋಡಿದೆ. ಅದು ನೀಲಿ ಸಾಲ್ವಿಯಾ, ಮೇಲೆ ಅರಸೀಕೆರೆಯವರಿಗೆ ಹೇಳಿದ್ದೇ. ಲ್ಯಾವೆಂಡರ್ ಎಲೆಯನ್ನು ಉಜ್ಜಿದರೆ ಸಾಬೂನಿನ ಪರಿಮಳ ಕೈಗೆ ಅಂಟುತ್ತದೆ, ಎಲೆ ಬೂದು ಬಣ್ಣ, ಸಣ್ಣಗೆ. ನಿಮ್ಮದರ ಎಲೆ ಹಸಿರು, ಅಗಲ. ದುಡ್ಡು ಜಾಸ್ತಿ ಕೊಟ್ಟದ್ದು ನೋವೇ, ಆದರೆ ಕಡೂರಿನ ಬಿಸಿಲಿಗೆ ನಿಮ್ಮ ಕೈಲಿರುವ ಗಿಡವೇ ಸರಿಯಾದ್ದು. ಮುಂದೆ ತಗೊಳ್ಳುವಾಗ ಒಂದು ಎಲೆ ಉಜ್ಜಿ ಮೂಸಿ ತಗೊಳ್ಳಿ.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ನಮ್ಮ ನೀಲಿ ಸಾಲ್ವಿಯಾಕ್ಕೆ ಬರುವ ಜೇನಿನ ಬೆನ್ನ ಮೇಲೆ ಹಳದಿ ಪುಡಿ ಇರುತ್ತದೆ. ಹೂವಿನೊಳಗೆ ತಲೆ ಹಾಕುವ ಜೇನಿಗೆ ಬೆನ್ನ ಮೇಲೆ ಪುಡಿ ಹೇಗೆ ಬಂತು? ಹಾಗೇ, ಕೆಂಪು ಹೂವಿಗೆ ಬರುವ ಚಿಕ್ಕ ಹಕ್ಕಿ ಹಮ್ಮಿಂಗ್ ಬರ್ಡಾ? (ಚಿಕ್ಕಮಗಳೂರು)

ಉತ್ತರ: ಪುಟ್ಟಾ, ಈ ತಿಂಗಳ ಪತ್ರಗಳಲ್ಲೆಲ್ಲ ನನಗೆ ತುಂಬಾ ಖುಷಿ ಕೊಟ್ಟದ್ದು ನಿನ್ನದು. ನೀನು ನೋಡಿದ್ದನ್ನೇ ಜರ್ಮನಿಯ ಸ್ಪ್ರೆಂಗಲ್ ಎಂಬುವರು ನೋಡಿ 1793ರಲ್ಲಿ ಬರೆದಿಟ್ಟರು.

ಸಾಲ್ವಿಯಾ ಹೂವಿಗೆ ಮೇಲ್ದುಟಿ, ಕೆಳದುಟಿ ಅಂತ ಎರಡು ಇವೆ. ಕೆಳದುಟಿ ಜೇನು ಇಳಿದು ಕೂರುವ ಜಗುಲಿ. ಮೇಲ್ದುಟಿಯ ಗೂಡಿನೊಳಗೆ ಎರಡೇ ಎರಡು ಕೇಸರ ಅಡಗಿರುತ್ತವೆ. ಬೇರೆ ಹೂಗಳಲ್ಲಿ ಕೇಸರ ನೆಟ್ಟಗೆ ನಿಂತಿರುತ್ತದೆ, ಇಲ್ಲಿ ಏತದ ಹಾಗೆ ನಡುವೆ ಆತುಕೊಂಡು ಎರಡು ಕಡೆ ತೋಳು ಚಾಚಿರುತ್ತದೆ. ಮೇಲಿನ ತೋಳಿನ ತುದಿಯಲ್ಲಿ ಪರಾಗದ ಚೀಲ, ಕೆಳಗಿನ ತೋಳು ಸಿಹಿಯ ದಾರಿಗೆ ಅಡ್ಡ. ಜೇನು ಸಿಹಿಗಾಗಿ ಕೆಳಗಿನ ತೋಳನ್ನು ತಲೆಯಿಂದ ತಳ್ಳುತ್ತದೆ. ಏತದ ಒಂದು ತುದಿ ತುಳಿದರೆ ಇನ್ನೊಂದು ಎದ್ದೇಳುತ್ತದಲ್ವಾ? ಇಲ್ಲಿ ಒಂದು ತುದಿ ಒಳಗೆ ಹೋದರೆ ಇನ್ನೊಂದು ತುದಿ ಕೆಳಗೆ ಬಗ್ಗಿ ಜೇನಿನ ಬೆನ್ನಿಗೆ ಪುಡಿ ಒರೆಸುತ್ತದೆ. ಜೇನು ತನ್ನ ಬೆನ್ನಿನ ಪುಡಿಯನ್ನು ಪೂರ್ತಿ ಬಾಚಿಕೊಳ್ಳಲಾರದು, ಅದು ಮುಂದಿನ ಹೂವಿಗೆ ಹೋಗಿ ಅಂಟುತ್ತದೆ. ಎಲ್ಲ ಸಾಲ್ವಿಯಾಗಳಲ್ಲೂ ಇದು ಒಂದೇ ಥರ ಕೆಲಸ ಮಾಡುವುದಿಲ್ಲ, ಜೇನನ್ನು ನಂಬಿದ ಜಾತಿಗಳಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ತೆಳು ಹುಲ್ಲಿನ ಕಡ್ಡಿ ತಗೊಂಡು ಬೆಳಗ್ಗೆ ಅರಳಿದ ಹೊಸ ಹೂವಿನ ಗಂಟಲಿಗೆ ಮೆಲ್ಲಗೆ ತೂರಿಸಿ ನೋಡು. ಭೂತಗನ್ನಡಿ ಇದ್ದರೆ ಇನ್ನೂ ಚೆನ್ನ.

ದಪ್ಪ ಕಪ್ಪು ದುಂಬಿ ಬಂದರೆ ಅದನ್ನೂ ಗಮನಿಸು. ಅದು ಎಷ್ಟೋ ಸಲ ಬಾಗಿಲಿಂದ ಬರುವುದೇ ಇಲ್ಲ, ಹೂವಿನ ಕೊಳವೆಯ ಬುಡಕ್ಕೆ ಹೊರಗಿನಿಂದಲೇ ತೂತು ಕೊರೆದು ಸಿಹಿ ಹೀರಿ ಹೋಗುತ್ತದೆ. ಉದುರಿದ ಹೂಗಳನ್ನು ಹೆಕ್ಕಿ ನೋಡಿದರೆ ಆ ತೂತು ಕಾಣುತ್ತದೆ.

ಹಕ್ಕಿ ಹಮ್ಮಿಂಗ್ ಬರ್ಡ್ ಅಲ್ಲ. ಅದು ಅಮೆರಿಕ ಖಂಡಗಳಲ್ಲಿ ಮಾತ್ರ ಇದೆ. ನಿನ್ನದು ಸೂರಕ್ಕಿ. ಕೆಂಪು ಸಾಲ್ವಿಯಾ ತನ್ನ ಊರಿನಲ್ಲಿ ಹಮ್ಮಿಂಗ್ ಬರ್ಡ್‌ಗಾಗಿ ಉದ್ದ ಕೊಳವೆ ಮಾಡಿಕೊಂಡ ಹೂ. ಇಲ್ಲಿಗೆ ಬಂದಮೇಲೆ ಅದೇ ಥರದ ಉದ್ದ ಕೊಕ್ಕಿನ ನಮ್ಮ ಸೂರಕ್ಕಿ ಅದನ್ನು ಹುಡುಕಿಕೊಂಡಿದೆ. ಹಮ್ಮಿಂಗ್ ಬರ್ಡ್ ಗಾಳಿಯಲ್ಲಿ ನಿಂತು ಕುಡಿಯುತ್ತದೆ, ಸೂರಕ್ಕಿಗೆ ಕೂರಲು ಕಡ್ಡಿ ಬೇಕು. ಅದಕ್ಕೇ ಗಿಡದ ಪಕ್ಕ ಒಂದು ಒಣ ರೆಂಬೆ ನೆಡು, ಬಂದು ಕೂರುವುದನ್ನು ನೀನು ಚೆನ್ನಾಗಿ ನೋಡಬಹುದು.

ಪ್ರಶ್ನೆ: ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಎಳೆ ಸಸಿಗಳೆಲ್ಲ ಬರೀ ಕಡ್ಡಿ. ಬಸವನ ಹುಳು ಕಾಟ. (ಸಕಲೇಶಪುರ)

ಉತ್ತರ: ಕಾಫಿ ತೋಟದ ಅಂಚಿನ ಮನೆಗಳಿಗೆಲ್ಲ ಇದೇ ಗೋಳು. ಆ ದೊಡ್ಡ ಆಫ್ರಿಕನ್ ಬಸವನ ಹುಳುವನ್ನು ಕೈಯಲ್ಲಿ ಹೆಕ್ಕುವುದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಅಥವಾ ಕೋಸಿನ ಸಿಪ್ಪೆ ಹಾಕಿ ಸಂಜೆ ಇಡಿ, ಬೆಳಗ್ಗೆ ಬೇಗ ಎತ್ತಿದರೆ ಎಲ್ಲ ಅಲ್ಲೇ ಸೇರಿರುತ್ತವೆ. ಉಪ್ಪುನೀರಿನ ಬಕೆಟಿಗೆ ಹಾಕಿ. ಉಪ್ಪುನೀರನ್ನು ಗಿಡದ ಹತ್ತಿರ ಚೆಲ್ಲಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ, ಅದರ ಲೋಳೆಯಿಂದ ಮನುಷ್ಯರಿಗೂ ಕಾಯಿಲೆ ಬರುತ್ತದೆ. ಮಕ್ಕಳ ಕೈಗೆ ಈ ಕೆಲಸ ಕೊಡಲೇಬೇಡಿ. ಬುಡದ ಸುತ್ತ ಬೂದಿ ಅಥವಾ ಸುಣ್ಣ ಹಾಕುವುದು ಮಳೆ ಇಲ್ಲದ ದಿನ ಕೆಲಸ ಮಾಡುತ್ತದೆ, ಜಡಿ ಮಳೆಯಲ್ಲಿ ದಂಡ. ದರಗಿನ ಹೊದಿಕೆಯನ್ನು ಮಳೆಗಾಲದಲ್ಲಿ ಬುಡದಿಂದ ಒಂದು ಅಡಿ ದೂರ ಸರಿಸಿಡಿ, ಅವು ಹಗಲು ಅಡಗುವುದು ಅಲ್ಲೇ.

ಪ್ರಶ್ನೆ: ಅಡುಗೆಗೆ ಹಾಕುವ ಸೇಜ್, ಚಿಯಾ ಬೀಜ ಎರಡೂ ಸಾಲ್ವಿಯಾ ಅಂತ ಓದಿದೆ. ಹಾಗಾದರೆ ಅಂಗಳದ ಸಾಲ್ವಿಯಾ ಎಲೆಯನ್ನೂ ತಿನ್ನಬಹುದಾ? (ಹಾಸನ)

ಉತ್ತರ: ಬೇಡ. ಓದಿದ್ದು ಸರಿ, ಅಡುಗೆಯ ಸೇಜ್ ಸಾಲ್ವಿಯಾ ಅಫಿಸಿನಾಲಿಸ್, ಚಿಯಾ ಸಾಲ್ವಿಯಾ ಹಿಸ್ಪಾನಿಕಾ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಚಿಯಾವನ್ನು ನಮ್ಮ ರೈತರಿಗೆ ಪರಿಚಯಿಸಿದ ಮೇಲೆ ಮೈಸೂರು ಕಡೆ ಹೊಲಗಳಲ್ಲೂ ಬೆಳೆಯುತ್ತಿದ್ದಾರೆ. ಸಸ್ಯಶಾಸ್ತ್ರದವರು ರೋಸ್‌ಮೇರಿಯನ್ನೂ 2017ರಲ್ಲಿ ಸಾಲ್ವಿಯಾ ಗುಂಪಿಗೇ ಸೇರಿಸಿದರು. ಆದರೆ ಒಂದೇ ಮನೆತನ ಅಂದ ಮಾತ್ರಕ್ಕೆ ಎಲ್ಲರೂ ಅಡುಗೆಮನೆಗೆ ಬರಬೇಕಾಗಿಲ್ಲ. ಅಲಂಕಾರದ ಗಿಡ ಅಲಂಕಾರಕ್ಕೆ ಇರಲಿ, ಅದಕ್ಕೆ ನರ್ಸರಿಯಲ್ಲಿ ಏನೇನು ಸಿಂಪಡಿಸಿರುತ್ತಾರೋ. ಸೇಜ್ ಬೆಳೆಸುವ ಆಸೆ ಇದ್ದರೆ ಮಣ್ಣಿನ ಕುಂಡದಲ್ಲಿ, ಅರ್ಧದಷ್ಟು ಮರಳು ಹಾಕಿ, ಮಳೆ ತಾಗದ ಕಡೆ. ಅದು ಮೆಡಿಟರೇನಿಯನ್ ಕಡೆಯ ಒಣ ಗುಡ್ಡದ ಗಿಡ.

ಪ್ರಶ್ನೆ: ಎಲೆ ಅಡಿಯಲ್ಲಿ ಬಿಳಿ ನೊಣ, ಮುಟ್ಟಿದರೆ ಹಾರುತ್ತವೆ. (ಚನ್ನರಾಯಪಟ್ಟಣ)

ಉತ್ತರ: ಬೇವಿನ ಎಣ್ಣೆ 5 ಮಿಲಿ, ಒಂದು ಲೀಟರ್ ನೀರು, ನಾಲ್ಕು ಹನಿ ಸೋಪಿನ ದ್ರಾವಣ. ಸಂಜೆ, ಎಲೆಯ ಅಡಿಗೆ ತಾಗುವ ಹಾಗೆ. ವಾರಕ್ಕೊಮ್ಮೆ ಮೂರು ಸಲ. ಮೇಲೆ ಮಾತ್ರ ಸಿಂಪಡಿಸಿದರೆ ಏನೂ ಆಗುವುದಿಲ್ಲ.

ಪ್ರಶ್ನೆ: ತಾಯೀ, ನನಗೆ 70 ದಾಟಿದೆ. ಹೋದ ವರ್ಷದ ಕೆಂಪು ಸಾಲ್ವಿಯಾ ಆರು ಗಿಡ ಜಗುಲಿಯ ಕುಂಡದಲ್ಲಿ ಉಳಿದಿವೆ. ಆದರೆ ಬುಡ ಎಲ್ಲ ಬೋಳು, ಕಡ್ಡಿ ಉದ್ದ ಉದ್ದ, ತುದಿಯಲ್ಲಿ ಮಾತ್ರ ಎರಡು ಎಲೆ. ದೀಪಾವಳಿಗೆ ಮೊಮ್ಮಕ್ಕಳು ಬರುತ್ತವೆ, ಆ ಹೂ ಕಿತ್ತು ಸಿಹಿ ಹೀರುವುದು ಅವಕ್ಕೆ ಇಷ್ಟ. ಕಿತ್ತು ಹೊಸದು ಹಾಕಲಾ, ಕತ್ತರಿಸಲಾ? ಕತ್ತರಿಸಿದರೆ ಸತ್ತುಹೋಗುತ್ತೇನೋ ಅಂತ ಭಯ. (ಆಲ್ದೂರು)

ಉತ್ತರ: ಅಮ್ಮಾ, ಕೀಳಬೇಡಿ. ಮಲೆನಾಡಿನ ಮಳೆಯಲ್ಲಿ ಆರು ಗಿಡ ಉಳಿಸಿಕೊಂಡಿದ್ದೀರಿ, ದೊಡ್ಡ ಕೆಲಸ ಅದು. ಈಗ ಹೊಸ ಬೀಜ ಹಾಕಿದರೆ ದೀಪಾವಳಿಗೆ ಹೂ ಬರುವುದು ಅನುಮಾನ. ಹಳೆ ಗಿಡಕ್ಕೆ ಬೇರು ಗಟ್ಟಿ ಇದೆ, ಅದು ಬೇಗ ಬರುತ್ತದೆ.

ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ದಿನ ನೋಡಿ, ಆಗಸ್ಟ್ ಮುಗಿಯುವುದರೊಳಗೆ ಕತ್ತರಿಸಿ. ಅರ್ಧಕ್ಕೆ. ಕಣ್ಣಳತೆಯಲ್ಲಿ ಅರ್ಧ ಸಾಕು, ಆದರೆ ಎಲ್ಲಿ ಕತ್ತರಿಸುತ್ತೀರಿ ಅನ್ನುವುದನ್ನು ಹತ್ತಿರದಿಂದ ನೋಡಬೇಕು. ಕಡ್ಡಿಯ ಮೇಲೆ ಕನ್ನಡಕ ಹಾಕಿಕೊಂಡು ಬೆರಳು ಎಳೆಯಿರಿ. ಗಿಣ್ಣು ಸಿಗುತ್ತದೆ, ಹಿಂದೆ ಎಲೆ ಇದ್ದ ಜಾಗ. ಅಲ್ಲಿ ಎರಡು ಬದಿಗೂ ಸಾಸಿವೆ ಕಾಳಿನಷ್ಟು ಹಸಿರು ಚಿಗುರು ಮೂಡಿರುತ್ತದೆ. ಅದರ ಮೇಲೆ ಕಾಲು ಅಂಗುಲ ಬಿಟ್ಟು ಕತ್ತರಿಸಿ. ಪೂರ್ತಿ ಕಂದು ಬಣ್ಣದ, ಚಿಗುರೇ ಕಾಣದ ಕಟ್ಟಿಗೆಯ ತನಕ ಇಳಿಯಬೇಡಿ, ಅಲ್ಲಿಂದ ಮತ್ತೆ ಒಡೆಯುವುದು ಕಷ್ಟ. ಕತ್ತರಿ ಹರಿತ ಇರಲಿ, ಜಜ್ಜಿದ ತುದಿ ಈ ಹವೆಯಲ್ಲಿ ಕೊಳೆಯುತ್ತದೆ. ಭಯ ಇದ್ದರೆ ಮೊದಲು ಮೂರು ಗಿಡ ಕತ್ತರಿಸಿ, ಎಂಟು ಹತ್ತು ದಿನ ನೋಡಿ, ಆಮೇಲೆ ಉಳಿದ ಮೂರು. ಒಂದೇ ಸಲ ಎಲ್ಲ ಮಾಡಬೇಕು ಅಂತೇನಿಲ್ಲ.

ಕತ್ತರಿಸಿದ ಮೇಲೆ ಮೇಲ್ಮಣ್ಣನ್ನು ಒಂದು ಅಂಗುಲ ಕೆದಕಿ ತೆಗೆದು ಹೊಸ ಮಣ್ಣು, ಎರೆಗೊಬ್ಬರ ಹಾಕಿ. ನೀರು ಕಡಿಮೆ, ಬೆರಳು ಇಟ್ಟು ಒಣಗಿದೆ ಅನಿಸಿದಾಗ ಮಾತ್ರ. ಎಲೆ ಕಡಿಮೆ ಇರುವ ಗಿಡಕ್ಕೆ ನೀರೂ ಕಡಿಮೆ ಬೇಕು. ಉತ್ತರೆ ಮಳೆಯ ಹೊತ್ತಿಗೆ ಜಗುಲಿಯಿಂದ ಅಂಚಿಗೆ, ಬೆಳಗಿನ ಬಿಸಿಲು ಸಿಗುವ ಕಡೆಗೆ ಸರಿಸಿ. ಹೂ ಬರಲು ಶುರುವಾದ ಮೇಲೆ ಇನ್ನೊಂದು ವಿಷಯ ಗಮನಿಸಿ. ಕೆಂಪು ಸಾಲ್ವಿಯಾದಲ್ಲಿ ಹೂ ಉದುರಿದರೂ ಅದರ ಬಟ್ಟಲು ಕೆಂಪಗೇ ಇರುತ್ತದೆ, ದೂರದಿಂದ ನೋಡಿದರೆ ಇನ್ನೂ ಹೂ ಇದೆ ಅನಿಸುತ್ತದೆ. ಹತ್ತಿರ ಹೋದರೆ ಒಳಗೆ ನಾಲ್ಕು ಪುಟ್ಟ ಬೀಜ ಕಟ್ಟುತ್ತಿರುತ್ತದೆ. ಬಟ್ಟಲು ಮಾಸಿದ ತೆನೆಯನ್ನು ಕತ್ತರಿಸಿದರೆ ಗಿಡ ಬೀಜಕ್ಕೆ ಸುರಿಯುವ ಶಕ್ತಿಯನ್ನು ಮುಂದಿನ ತೆನೆಗೆ ಕೊಡುತ್ತದೆ. ಒಂದೆರಡು ತೆನೆ ಬೀಜಕ್ಕೆ ಬಿಟ್ಟುಕೊಳ್ಳಿ, ಒಣಗುವ ಮೊದಲೇ ಸಣ್ಣ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಗಾಳಿಗೆ ಉದುರಿಹೋಗುತ್ತದೆ.

ಮೊಮ್ಮಕ್ಕಳು ಸಿಹಿ ಹೀರುತ್ತವೆ ಅಂದಿರಲ್ಲ, ಹಾಗಾದರೆ ಈಗಿನಿಂದಲೇ ಆ ಆರು ಗಿಡಕ್ಕೆ ಯಾವ ಔಷಧಿಯನ್ನೂ ಹೊಡೆಯಬೇಡಿ, ಬೇವಿನ ಎಣ್ಣೆಯೂ ಬೇಡ. ಹುಳ ಕಂಡರೆ ಎಲೆಯನ್ನೇ ಕಿತ್ತು ಹಾಕಿ.

ಕತ್ತರಿಸಿದ ತುದಿಗಳನ್ನು ಬಿಸಾಡಬೇಡಿ ಅಮ್ಮಾ. ನಾಲ್ಕು ಅಂಗುಲದ, ಮೊಗ್ಗಿಲ್ಲದ ತುದಿ ಆರಿಸಿ, ಕೆಳಗಿನ ಎಲೆ ಕಿತ್ತು, ಗಿಣ್ಣಿನ ಕೆಳಗೇ ಓರೆಯಾಗಿ ಕೊಯ್ದು, ಅದೇ ಕುಂಡದ ಅಂಚಿನಲ್ಲಿ ಎರಡೆರಡು ಚುಚ್ಚಿ. ಇಪ್ಪತ್ತು ದಿನಕ್ಕೆ ಬೇರು ಬಿಡುತ್ತವೆ. ಮೊಮ್ಮಕ್ಕಳು ವಾಪಸ್ ಹೊರಡುವಾಗ ಒಂದೊಂದು ಕೈಗೆ ಕೊಟ್ಟು ಕಳಿಸಬಹುದು.